ಎರಡು ಕಟ್ಟೆಗಳ ನಡುವೆ ವರ್ನನ್

ವರ್ನನ್ ಪ್ರುಯಿಟ್ ಬೇಸ್‌ಬಾಲ್ ಮೈದಾನದ ದೂರದ ಹುಲ್ಲಿನಲ್ಲಿ ನಿಂತು ಚೆಂಡು ಹಿಡಿಯುವವನು. ದೊಡ್ಡ ತಂಡದ ಕರೆ ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಸಣ್ಣ ಊರುಗಳ ತಂಡಗಳಲ್ಲೇ ಹರೆಯ ಕಳೆದಿದ್ದ. ತಂಡ ಬದಲಾದಾಗಲೆಲ್ಲ ಕೈಗವಸು, ಬ್ಯಾಟು ಹಿಡಿದು ಬಸ್ ಹತ್ತಿದರೆ ಅವನ ಕೆಲಸ ಮುಗಿಯಿತು. ಬಾಡಿಗೆ ಮನೆ ತೊಳೆದು ಬೀಗ ಕೊಡುವುದು, ಮಗಳನ್ನು ಶಾಲೆ ಬಿಡಿಸುವುದು, ಬಾಣಲೆಗಳನ್ನು ಪೇಪರಿನಲ್ಲಿ ಸುತ್ತಿ ಕಾರಿಗೆ ತುಂಬಿ ಹಿಂದೆ ಬರುವುದು ಹೆಂಡತಿ ಮಾರ್ಲಿಸ್ ಪಾಲು. ಅದಕ್ಕೆ ಯಾರೂ ಅಂಕ ಬರೆಯುತ್ತಿರಲಿಲ್ಲ.

ಅಯೋವಾದ ಈ ಊರಿಗೆ ಬಂದ ವರ್ಷ ಅವಳಿಗೆ ಶಾಲೆಯ ಅಡುಗೆಮನೆಯಲ್ಲಿ ಖಾಯಂ ಕೆಲಸ ಸಿಕ್ಕಿತು. ಮೊದಲ ಸಲ ಬಾಣಲೆಗಳನ್ನು ಗೋಡೆಯ ಮೊಳೆಗೆ ನೇತುಹಾಕಿದಳು.

ನನ್ನ ಗಂಡನೂ ಅದೇ ತಂಡದವನು. ಆ ಶನಿವಾರ ಹೆಂಡತಿಯರ ಸಾಲಿನಲ್ಲಿ ನಾನು ಅವಳ ಪಕ್ಕ ಕೂತಿದ್ದೆ. ಆಟದ ನಡುವೆಯೇ ಕೋಚ್ ವರ್ನನ್‌ನನ್ನು ಕರೆಸಿಕೊಂಡ. ಮೈದಾನದ ಅಂಚಿನಲ್ಲಿ ನಮ್ಮ ಆಟಗಾರರು ಕೂರುವ ಕಟ್ಟೆಯಲ್ಲಿ ಇದ್ದವರೆಲ್ಲ ಎದ್ದು ಅವನನ್ನು ತಬ್ಬಿಕೊಂಡರು. ಮೇಲಿನ ತಂಡ ಕರೆದರೂ ತಬ್ಬುತ್ತಾರೆ, ಬೇರೆ ತಂಡಕ್ಕೆ ಕೊಟ್ಟುಬಿಟ್ಟರೂ ತಬ್ಬುತ್ತಾರೆ, ಮನೆಗೆ ಅಟ್ಟಿದರೂ ತಬ್ಬುತ್ತಾರೆ. ದೂರದಿಂದ ಎಲ್ಲ ಒಂದೇ.

"ಮೇಲಕ್ಕೇ ಕಣೇ! ಚಪ್ಪಾಳೆ ಹೊಡಿ," ಎಂದೆ.

"ನೀನೇ ಹೊಡ್ಕೋ. ನಾನು ಹಳೇ ಪೇಪರ್ ಹುಡುಕ್ಬೇಕಾ ಬೇಡ್ವಾ, ಅದು ಹೇಳು."

ವರ್ನನ್ ತಂತಿ ಬೇಲಿಯ ಹತ್ತಿರ ಬಂದ. "ಮಾರ್ಲಿಸ್, ನನ್ನನ್ನ ಕೊಟ್ಬಿಟ್ರಂತೆ."

"ಯಾರಿಗೆ?"

ಅವನು ಎದುರು ತಂಡದವರು ಕೂತಿದ್ದ ಕಟ್ಟೆ ತೋರಿಸಿದ. "ಅವ್ರಿಗೇ. ನಾಳೆ ಇಲ್ಲೇ ಆಟ. ಆಮೇಲೆ ಅವ್ರ ಬಸ್ಸಲ್ಲಿ ನೆಬ್ರಾಸ್ಕಾಕ್ಕೆ."

"ಅಂದ್ರೆ ಇವತ್ತು ನಮ್ಮನೇಲಿ ಉಣ್ಣೋನು ಎದುರು ಪಾರ್ಟಿಯೋನು!"

"ನಗಬೇಡ ಮಾರಾಯ್ತಿ, ನನಗೇ ಏನೂ ತಿಳೀತಿಲ್ಲ. ಸಾಮಾನು ಯಾವಾಗ ಕಟ್ತೀಯ?"

ಮಾರ್ಲಿಸ್ ತಂತಿಗೆ ಬೆರಳು ಸಿಕ್ಕಿಸಿದಳು. "ಸೋಮವಾರ ಶಾಲೆ ಶುರು, ನನಗೆ ಕೆಲಸ ಇದೆ, ವರ್ನ್. ಈ ಸಲ ನಾನು ಕಟ್ಟಲ್ಲ."

"ಕಟ್ಟಲ್ಲ ಅಂದ್ರೆ? ಮತ್ತೆ ಯಾರು ಕಟ್ತಾರೆ?"

ಅವನು ಕೋಪದಿಂದ ಕೇಳಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ.

ಮರುದಿನ ವರ್ನನ್ ಎದುರು ತಂಡದ ಬೂದು ಅಂಗಿ ತೊಟ್ಟು ಅದೇ ಹುಲ್ಲಿನಲ್ಲಿ ನಿಂತ. ನನ್ನ ಗಂಡ ಎತ್ತರಕ್ಕೆ ಹೊಡೆದ ಚೆಂಡನ್ನು ಓಡಿ ಹೋಗಿ ಹಿಡಿದ. ಮಾರ್ಲಿಸ್ ಮತ್ತು ನಾನು ಒಟ್ಟಿಗೇ ಎದ್ದೆವು. ಯಾರು ಚಪ್ಪಾಳೆ ತಟ್ಟಬೇಕೋ ತಿಳಿಯದೆ ಒಟ್ಟಿಗೇ ಕೂತೆವು. ಅಲ್ಲಿಗೆ ನಮ್ಮವರ ಬ್ಯಾಟ್ ಮಾಡುವ ಸರದಿ ಮುಗಿದು, ಹುಲ್ಲಿನಲ್ಲಿದ್ದವರು ತಮ್ಮ ಕಟ್ಟೆಗೆ ಮರಳಬೇಕಿತ್ತು. ವರ್ನನ್ ತಲೆ ತಗ್ಗಿಸಿ ಓಡಿ ಬಂದವನೇ ಅಭ್ಯಾಸಬಲದಿಂದ ನಮ್ಮ ಕಟ್ಟೆಗೆ ನುಗ್ಗಿದ.

"ವರ್ನ್, ನಿನ್ನ ಅತ್ತೆ ಮನೆ ಆ ಕಡೆ!" ಎಂದು ನನ್ನ ಗಂಡ ಕೂಗಿದ. ಮೈದಾನವೆಲ್ಲ ನಕ್ಕಿತು.

ವರ್ನನ್ ಹಿಂದಕ್ಕೆ ಸರಿದು ಬಿಳಿ ಗೆರೆಯ ಮೇಲೆ ನಿಂತು ಮಾರ್ಲಿಸ್‌ಳನ್ನು ನೋಡಿದ, ಮನೆಯಲ್ಲಿ ಕಾಲುಚೀಲ ಸಿಗದಾಗ ನೋಡುವ ಹಾಗೆ. ಎದುರಿನ ಕಟ್ಟೆ ತೋರಿಸಲು ಅವಳ ಕೈ ಅರ್ಧ ಎದ್ದಿತು. ಮತ್ತೆ ಮಡಿಲಿಗೆ ಇಳಿಯಿತು. ಅವನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ತಾನಾಗಿಯೇ ಆ ಕಡೆಗೆ ನಡೆದ.