ಸೋಡಾ ನೀರಿನಲ್ಲಿ ಅವ್ವನ ಕೈ

ಇಪ್ಪತ್ತೆರಡು ವರ್ಷ ನಾನು ಇನ್ನೊಬ್ಬರು ಎಳೆದ ಗೆರೆಯ ಮೇಲೆ ಗೆರೆ ಎಳೆದು ಸಂಬಳ ತೆಗೆದುಕೊಂಡವಳು. ಬೇಲೂರಿನ ಒಂದು ಎಂಜಿನಿಯರ್ ಕಚೇರಿಯಲ್ಲಿ ನಾನು ಟ್ರೇಸರ್. ಸಾಹೇಬರು ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ ಕಪ್ಪು ಇಂಕಿನಲ್ಲಿ ತಿದ್ದುವುದು ನನ್ನ ಕೆಲಸ. ಕಾಲುವೆ ಗುಡ್ಡ ಹತ್ತುವಂತೆ ಬರೆದುಕೊಟ್ಟರೂ ಹಾಗೇ ತಿದ್ದಿಬಿಡುತ್ತಿದ್ದೆನೇನೋ. ಟ್ರೇಸರಿಗೆ ಅಭಿಪ್ರಾಯ ಇರಬಾರದು. ಈ ಗುಣ ಕಚೇರಿಯಲ್ಲಿ ನನಗೆ ಒಳ್ಳೆಯ ಹೆಸರು ತಂದಿತು. ಮನೆಯಲ್ಲಿ ಏನು ತಂದಿತು ಎಂದು ಹೇಳುವುದಕ್ಕೇ ಈಗ ಕೂತಿದ್ದೇನೆ.

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ನಕ್ಷೆಯ ಪ್ರತಿ ತೆಗೆಯಲು ಅಮೋನಿಯಾ ಯಂತ್ರ ಬಂದಿತ್ತು. ಅದಕ್ಕೂ ಹಿಂದೆ ಸೂರ್ಯನೇ ಯಂತ್ರ. ಕೆಂಪು ಹರಳು ಒಂದು, ಹಸಿರು ಪುಡಿ ಒಂದು. ಎರಡನ್ನೂ ನೀರಲ್ಲಿ ಕರಗಿಸಿ, ಬೆರೆಸಿ, ಕತ್ತಲಲ್ಲಿ ಕಾಗದಕ್ಕೆ ಸವರಿ ಒಣಗಿಸಬೇಕು. ಮೇಲೆ ನಕ್ಷೆಯಿಟ್ಟು ಬಿಸಿಲಿಗೆ ಹಿಡಿದು ಬರೀ ನೀರಿನಲ್ಲಿ ತೊಳೆದರೆ ಬಿಸಿಲು ಬಿದ್ದ ಕಡೆಯೆಲ್ಲ ಕಡುನೀಲಿ, ಗೆರೆಯಿದ್ದ ಕಡೆ ಬಿಳಿ. ನೀಲನಕ್ಷೆ ಎಂಬ ಮಾತು ಹುಟ್ಟಿದ್ದೇ ಹೀಗೆ. ನಿವೃತ್ತಿಯ ಅಂಚಿನಲ್ಲಿದ್ದ ನಮ್ಮ ಹಿರಿಯ ನಕ್ಷೆಗಾರರು ಇದನ್ನು ನನಗೆ ಕಲಿಸಿ, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಎರಡು ಬಾಟಲಿಗಳನ್ನೂ ಕೊಟ್ಟರು. ಜೊತೆಗೆ ಒಂದು ಗುಟ್ಟು ಹೇಳಿದರು. ನೀಲಿಯ ಮೇಲೆ ತಿದ್ದುಪಡಿ ಬರೆಯಬೇಕಾದರೆ ಬಟ್ಟೆ ಒಗೆಯುವ ಸೋಡಾ ಕರಗಿಸಿದ ನೀರಿನಲ್ಲಿ ನಿಬ್ಬು ಅದ್ದಬೇಕು. ಸೋಡಾ ನೀಲಿಯನ್ನು ತಿಂದು ಬಿಳಿ ಅಕ್ಷರ ಬಿಡುತ್ತದೆ. ಈ ಮಾತನ್ನು ನಾನು ಒಂದು ದಿನವೂ ಮರೆತವಳಲ್ಲ, ಸಂಕಟವೆಲ್ಲ ಅದೇ.

ನಮ್ಮೂರು ಹಗರೆಯ ಮನೆಯಲ್ಲಿ ಅವ್ವ ಕೌದಿ ಹೊಲಿಯುತ್ತಿದ್ದಳು. ಅಜ್ಜಿಯ ಕೆಂಪು ಸೀರೆ, ಅಣ್ಣನ ಖಾಕಿ ಚಡ್ಡಿ, ನನ್ನ ಹೂವಿನ ಲಂಗ, ಎಲ್ಲ ತುಂಡು ತುಂಡಾಗಿ ಅದರಲ್ಲಿ ಸೇರಿದ್ದವು. ನಡುವೆ ಹಾಕಲು ತೀರಿಹೋದ ಅಪ್ಪನ ಬಿಳಿ ಪಂಚೆಯ ತುಂಡು ಎತ್ತಿಟ್ಟಿದ್ದಳು. ಒಂದು ಬೇಸಿಗೆಯಲ್ಲಿ ಕಚೇರಿಗೆ ರಜೆ ಹಾಕಿ ಬಂದಾಗ ನನ್ನ ಜಾಣತನ ತೋರಿಸುವ ಹುಕಿ ಬಂತು. ಪಂಚೆಗೆ ರಾಸಾಯನಿಕ ಸವರಿ, ನಡುಮಧ್ಯಾಹ್ನ ಅಂಗಳದಲ್ಲಿ ಹಾಸಿ, ಅದರ ಮೇಲೆ ಕೈಯಿಡು ಎಂದೆ.

"ನನ್ ಕೈ ಯಾಕವ್ವ? ಸಗಣಿ ತಟ್ಟಿ ತಟ್ಟಿ ಸೊಟ್ಟಗಾಗೈತೆ," ಎಂದಳು ಅವ್ವ.

ಅತ್ತಿಗೆ ಅವಳನ್ನು ಹಿಡಿದು ಕೂರಿಸಿ, ತಲೆಗೆ ಒದ್ದೆ ಟವೆಲು ಹಾಕಿ, ಬಟ್ಟೆಯ ಕಡೆ ಬಂದ ಕೋಳಿಗಳನ್ನು ಓಡಿಸುತ್ತ ನಿಂತರು. ಕಾಲು ಗಂಟೆ ಕೂರಬೇಕಿತ್ತು. ಅವ್ವ ತುರಿಸುತ್ತದೆಂದು ಕಿರುಬೆರಳು ಅಲ್ಲಾಡಿಸಿದ್ದರಿಂದ ಅದೊಂದು ಬೆರಳು ಮಸುಕಾಯಿತು. ತೊಳೆದಾಗ ನೀಲಿಯ ನಡುವೆ ಬಿಳಿ ಕೈ ಎದ್ದು ಬಂತು. ಅವ್ವ ಬಹಳ ಹೊತ್ತು ನೋಡಿ, "ಇದು ನಂದಲ್ಲ ಕಣೇ, ನಮ್ಮವ್ವನ ಕೈ," ಎಂದಳು. ಆ ತುಂಡನ್ನೇ ಕೌದಿಯ ನಡುವೆ ಇಟ್ಟು ಹೊಲಿದು ಮುಗಿಸಿದಳು.

ಹಳೇಬೀಡಿನಲ್ಲಿ ಶಿಲ್ಪಿಗಳು ವಿಗ್ರಹದ ಬುಡದಲ್ಲಿ ತಮ್ಮ ಹೆಸರು ಕೊರೆದುಕೊಂಡಿದ್ದಾರೆ. ನಕ್ಷೆಯ ಮೂಲೆಯಲ್ಲಿ ಟ್ರೇಸರ್ ಹೆಸರಿಗೂ ಬೆಂಕಿಪೊಟ್ಟಣದಷ್ಟು ಜಾಗವಿರುತ್ತದೆ. ಅವ್ವನಿಗೆ ಓದುಬರಹವಿರಲಿಲ್ಲ, ಎಲ್ಲಿ ಹೋದರೂ ಹೆಬ್ಬೆಟ್ಟು. ಒಂದು ಸಲವಾದರೂ ಅವಳು ಪೂರ್ತಿ ಕೈ ಒತ್ತಿದಳು ಎಂಬುದು ನನಗೆ ದೊಡ್ಡ ಹೆಮ್ಮೆ. ಆ ಕೌದಿ ಮುಂದೆ ನನಗೇ ಎಂದು ಮನಸ್ಸಿನಲ್ಲೇ ಬರೆದುಕೊಂಡೂ ಬಿಟ್ಟಿದ್ದೆ.

ಹೊದ್ದರೆ ಕೊಳೆಯಾಗುತ್ತದೆಂದು ಅವ್ವ ಅದನ್ನು ಪೆಟ್ಟಿಗೆಯಲ್ಲೇ ಇಟ್ಟಿದ್ದಳು. ಆಮೇಲೆ ಎರಡು ವರ್ಷ ಹಾಸಿಗೆ ಹಿಡಿದಳು. ಅತ್ತಿಗೆ ನೋಡಿಕೊಂಡರು. ನಾನು ಭಾನುವಾರದ ಬಸ್ಸಿಗೆ ಕಿತ್ತಳೆ ಹಿಡಿದು ಬಂದು, ಸಂಜೆಯ ಬಸ್ಸಿಗೆ ವಾಪಸು ಹೋಗುತ್ತಿದ್ದ ಮಗಳು. ಕೊನೆಯ ತಿಂಗಳು ಚಳಿ ಎಂದಾಗ ಅತ್ತಿಗೆಯೇ ಪೆಟ್ಟಿಗೆ ತೆಗೆದು ಕೌದಿ ಹೊದಿಸಿದರಂತೆ. ಅದನ್ನು ಹೊದ್ದೇ ಅವ್ವ ಹೋದಳು.

ಸತ್ತವರು ಹೊದ್ದದ್ದನ್ನು ಆಚೆಗೆ ಕೊಟ್ಟುಬಿಡುವುದು ನಮ್ಮಲ್ಲಿ ವಾಡಿಕೆ. ಕೌದಿಯನ್ನು ಮಾತ್ರ ಅತ್ತಿಗೆ ಬಿಟ್ಟುಕೊಡಲಿಲ್ಲ. ಸೂತಕ ಕಳೆಯುವ ದಿನ ಹಿತ್ತಲಿನಲ್ಲಿ ಹಂಡೆ ನೀರು ಕುದಿಯುತ್ತಿತ್ತು. ಮನೆಯ ಹಾಸಿಗೆ ಹೊದಿಕೆಯೆಲ್ಲ ಅದರೊಳಗೆ. ಅತ್ತಿಗೆ ಎರಡು ಹಿಡಿ ಸೋಡಾ ಸುರಿದು ಕೌದಿ ಎತ್ತಿಕೊಂಡರು. ನಾನು ಮೂರು ಮಾರು ದೂರದಲ್ಲಿ ನಿಂತಿದ್ದೆ. ಇದಕ್ಕೆ ಬರೀ ನೀರು ಸಾಕು ಎಂದರೆ ಮುಗಿಯುತ್ತಿತ್ತು. ಜಗಲಿಯ ತುಂಬ ನೆಂಟರು. ಓದಿದ ಮಗಳಿಗೆ ಸೂತಕವಿಲ್ಲ, ಕೌದಿಯ ಮೇಲೆ ಕಣ್ಣು ಎಂದಾರು ಎಂಬ ಅಂಜಿಕೆ. ಆ ಮಾತಿನಲ್ಲಿ ಅರ್ಧ ನಿಜವೂ ಇತ್ತಲ್ಲ. ಹೋದರೆ ನನ್ನದೇ ತಾನೇ ಹೋಗುವುದು ಎಂದು ದೊಡ್ಡ ತ್ಯಾಗಿಯ ಹಾಗೆ ಬಾಯಿ ಮುಚ್ಚಿಕೊಂಡೆ. ಕೌದಿ ಮುಳುಗಿತು.

ಮಧ್ಯಾಹ್ನ ತಂತಿಯ ಮೇಲೆ ಒಣಗಿದಾಗ ಅಪ್ಪನ ಪಂಚೆಯ ತುಂಡು ಹಳೇ ತುಪ್ಪದ ಬಣ್ಣಕ್ಕೆ ಬಂದಿತ್ತು. ಅತ್ತಿಗೆ ಅದನ್ನು ಹಿಂದುಮುಂದು ತಿರುವಿ ನೋಡಿದರು.

"ಸರೋಜಾ, ಅತ್ತೆ ಕೈ ಎಲ್ಲೋಯ್ತೇ?"

"ಸೋಡಾ ಬಿದ್ರೆ ಆ ನೀಲಿ ನಿಲ್ಲಲ್ಲ ಅತ್ತಿಗೆ."

"ನಿಂಗ್ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ತಂತಿ ಹಿಡಿದು ನಿಂತುಬಿಟ್ಟರು. "ಗೊತ್ತಿದ್ದು ನಿಂತ್ಕಂಡು ನೋಡ್ತಿದ್ದಾ? ಎರಡ್ ವರ್ಸ ಆ ಕೈ ಹಿಡ್ದು ಎಬ್ಬಿಸಿ ಕೂರ್ಸಿದ್ದು ನಾನು ಕಣೇ. ನನ್ ಕೈಲೇ ಅಳಿಸ್ಬಿಟ್ಯಲ್ಲೇ ಅದ್ನ."

ಹನ್ನೊಂದು ದಿನದಲ್ಲಿ ನಾನು ಅತ್ತದ್ದನ್ನೆಲ್ಲ ಒಟ್ಟು ಸೇರಿಸಿದರೂ ಅತ್ತಿಗೆ ಆ ಗಳಿಗೆಯಲ್ಲಿ ಅತ್ತಷ್ಟು ಆಗಲಾರದು. ಕಳೆದುಕೊಳ್ಳುವವಳು ನಾನೊಬ್ಬಳೇ ಎಂದುಕೊಂಡಿದ್ದೆನಲ್ಲ, ನನಗೆ ಬಹಳ ನಾಚಿಕೆಯಾಯಿತು. ಅವರು ಕೌದಿಯನ್ನು ತಂತಿಯಿಂದ ಇಳಿಸಿ ಎದೆಗೆ ಅವಚಿಕೊಂಡು ಒಳಗೆ ಹೋದರು. ಅದು ನನಗೆ ಬೇಕು ಎಂದು ನಾನು ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಜೀವಮಾನದಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದು ಸರಿಯಾಗಿದ್ದರೆ, ಅದು ಅದೊಂದು ಸಲ.