ಹೊಲಿಗೆ ಕೋಣೆಯ ಚಾಂಪಿಯನ್

ಬೀದಿಯವರೆಲ್ಲ ಅವನನ್ನು ಕನ್ನಡಕದಣ್ಣ ಎಂದೇ ಕರೆಯುತ್ತಿದ್ದರು. ಅಂಗಡಿಯ ಒಂದು ಗೋಡೆಗೆ ಕನ್ನಡಕದ ಚೌಕಟ್ಟುಗಳು, ಇನ್ನೊಂದಕ್ಕೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳ ಹಲಗೆ, ಬಾಗಿಲ ಪಕ್ಕ ಗಾಜು ಉಜ್ಜುವ ಯಂತ್ರ. ಕೆಲಸದಲ್ಲಿ ಗಟ್ಟಿಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರು ವರ್ಷದಿಂದ ಈಚೆಗೆ, ಕಣ್ಣು ತೋರಿಸಲು ಬಂದವರು ಗಾಲ್ಫ್ ಪುರಾಣ ಕೇಳಿಸಿಕೊಂಡು ಹೋಗಬೇಕಾಗಿತ್ತು.

"ಈ ಗಾಜಲ್ಲಿ ಚೆನ್ನಾಗಿ ಕಾಣ್ಸುತ್ತಾ, ಅದ್ರಲ್ಲಾ?" ಎಂದು ಶುರುವಾದ ಮಾತು ಎರಡನೇ ಗಾಜು ಹಾಕುವಷ್ಟರಲ್ಲಿ ಕಡಲತೀರ ಮುಟ್ಟಿರುತ್ತಿತ್ತು. "ನಿನ್ನೆ ಗಾಲ್ಫ್ ಹುಟ್ಟಿದ ಮೈದಾನದಲ್ಲೇ ಆಡ್ದೆ ನೋಡಿ. ಅಬ್ಬಬ್ಬಾ, ಅದೇನು ಗಾಳಿ ಅಂತೀರಿ! ದೊಡ್ಡ ದೊಡ್ಡ ಆಟಗಾರರೇ ಅಲ್ಲಿ ಮಣ್ಣು ಮುಕ್ಕಿದಾರೆ." ಮೂಗಿನ ಮೇಲೆ ಪರೀಕ್ಷೆಯ ಭಾರದ ಚೌಕಟ್ಟು ಹೊತ್ತ ಗಿರಾಕಿ ಎದ್ದು ಹೋಗುವಂತೆಯೂ ಇರಲಿಲ್ಲ.

ಗಾಳಿ ಎಲ್ಲಿಂದ ಬರಬೇಕು? ಆ ಮೈದಾನ ಇದ್ದದ್ದು ಮನೆಯ ಹಿಂಬದಿಯ ಕೋಣೆಯಲ್ಲಿ. ಗೋಡೆಗೆ ಇಳಿಬಿಟ್ಟ ದಪ್ಪ ಬಿಳಿ ಬಟ್ಟೆ, ಅದರ ಮೇಲೆ ಜಗತ್ತಿನ ಹೆಸರಾಂತ ಚಾಂಪಿಯನ್‌ಶಿಪ್ ಮೈದಾನಗಳ ಚಿತ್ರ, ನೆಲದಲ್ಲಿ ಒಂದು ತುಂಡು ಹಸಿರು ಚಾಪೆ, ಪಕ್ಕದಲ್ಲಿ ಚೆಂಡಿನ ವೇಗ ಅಳೆಯುವ ಪೆಟ್ಟಿಗೆ. ಹೊಡೆದ ಚೆಂಡು ಬಟ್ಟೆಗೆ ಬಡಿದು ಅಲ್ಲೇ ಬೀಳುತ್ತಿತ್ತು. ಚಿತ್ರದೊಳಗಿನ ಚೆಂಡು ಮಾತ್ರ ಸಮುದ್ರ ದಾಟುತ್ತಿತ್ತು. ಚಪ್ಪಾಳೆಯೂ ಪೆಟ್ಟಿಗೆಯದೇ. ಗಾಳಿ ಇನ್ನಷ್ಟು ಬೇಕೆನಿಸಿದ ದಿನ ಕನ್ನಡಕದಣ್ಣ ಫ್ಯಾನು ಜೋರು ಮಾಡಿಕೊಳ್ಳುತ್ತಿದ್ದ.

ಆ ಕೋಣೆ ಮೊದಲು ಹೆಂಡತಿಯದು. ಆಕೆ ಅಲ್ಲಿ ಕುಳಿತು ಊರಿನವರಿಗೆಲ್ಲ ಕಿಟಕಿ ಪರದೆ, ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ದಾಂಡು ಬೀಸಲು ಎತ್ತರದ ಸೂರು ಬೇಕು, ಇಡೀ ಮನೆಯಲ್ಲಿ ಅಂಥ ಸೂರು ಇದ್ದದ್ದು ಅದೊಂದಕ್ಕೇ. "ಒಂದು ಮೂಲೆ ಸಾಕು ಕಣೇ" ಎಂದು ಗೋಗರೆದು ಒಳಗೆ ಕಾಲಿಟ್ಟ. ಬೆರಳು ತೋರಿಸಿದರೆ ಹಸ್ತ ನುಂಗಿದ ಎನ್ನುತ್ತಾರಲ್ಲ, ಅದೇ ಆಯಿತು. ಬೀಸಿದ ದಾಂಡು ಒಂದು ದಿನ ಹೊಲಿಗೆ ಮಿಷನ್ನಿನ ಚಕ್ರಕ್ಕೆ ತಗುಲಿತು. ಮರುದಿನದಿಂದ ಮಿಷನ್ನು ಅಡುಗೆಮನೆಯಲ್ಲಿ, ಫ್ರಿಜ್ಜಿಗೆ ಒತ್ತಿಕೊಂಡು. ಆಕೆ ಹೊಲಿಯಲು ಕೂತರೆ ಫ್ರಿಜ್ಜಿನ ಬಾಗಿಲು ತೆಗೆಯುವಂತಿಲ್ಲ. ಗಿರಾಕಿಯೊಬ್ಬಳ ಹೊಸ ಪರದೆಗೆ ಎಣ್ಣೆ ಸಿಡಿದ ಮೇಲೆ ಪರದೆಯ ಕೆಲಸ ಒಪ್ಪಿಕೊಳ್ಳುವುದನ್ನೇ ಬಿಟ್ಟಳು. ಅವಳಿಗೆ ಇಷ್ಟವಾದ ಕೆಲಸ ಅದೇ ಆಗಿತ್ತು.

ಆದರೆ ನೇರವಾಗಿ ಬಾಯಿ ಬಿಟ್ಟು ದೂರಿರಲಿಲ್ಲ. ಊಟಕ್ಕೆ ಕರೆಯುವಾಗ ಬಾಗಿಲಲ್ಲಿ ನಿಂತು, "ಚಾಂಪಿಯನ್ನರೇ, ಇವತ್ತು ಯಾವ ದೇಶ? ತಟ್ಟೆ ಹಾಕ್ಲಾ, ಇಲ್ಲ ವಿಮಾನ ತಡಾನಾ?" ಎನ್ನುತ್ತಿದ್ದಳು.

ಹೀಗಿರುವಾಗ ಒಂದು ಭಾನುವಾರ ಬೀಗರು ಊಟಕ್ಕೆ ಬಂದರು. ಮಗಳ ಮಾವ, ನಿವೃತ್ತ ಬ್ಯಾಂಕ್ ಮ್ಯಾನೇಜರು, ಊರಾಚೆಯ ಗಾಲ್ಫ್ ಕ್ಲಬ್ಬಿನ ಹಳೆಯ ಸದಸ್ಯರು. ಬೇರೆ ಯಾರಾದರೂ ಆಗಿದ್ದರೆ ಅಂಥವರ ಮುಂದೆ ತೆಪ್ಪಗಿರುತ್ತಿದ್ದರು. ಕನ್ನಡಕದಣ್ಣ ಅವರಿಗೇ ದಾಂಡು ಹಿಡಿಯುವುದು ಹೇಗೆಂದು ಚಮಚದಲ್ಲಿ ತೋರಿಸಿಕೊಟ್ಟ. ಬೀಗರು ಸಮಾಧಾನದ ಮನುಷ್ಯರು. ಎಲ್ಲ ಕೇಳಿ, "ಹಾಗಾದ್ರೆ ಬರೋ ಭಾನುವಾರ ನಮ್ಮ ಮೈದಾನಕ್ಕೆ ಬನ್ನಿ ಬೀಗರೆ. ಚಿಕ್ಕದು, ನಿಮ್ಮ ಮಟ್ಟಕ್ಕಲ್ಲ" ಎಂದರು.

ಕನ್ನಡಕದಣ್ಣನ ಮುಖ ಇಂಗು ತಿಂದ ಮಂಗನಂತಾಯಿತು. ನಿಜವಾದ ಹುಲ್ಲಿನ ಮೇಲೆ ಅವನು ಒಮ್ಮೆಯೂ ದಾಂಡು ಎತ್ತಿದವನಲ್ಲ. "ಆ ದಿನ ಅಂಗಡೀಲಿ..." ಎಂದು ಅವನು ರಾಗ ಎಳೆಯುವಷ್ಟರಲ್ಲಿ ಹೆಂಡತಿ ಬಾಯಿ ಹಾಕಿದಳು.

"ಬರ್ತಾರೆ. ಬೀಗರ ಎದುರಿಗೇ ಒಂದು ಮಾತು ಹೇಳ್ಬಿಡ್ತೀನಿ. ಒಂದೇ ಒಂದು ಗುಳಿ ಆಡ್ಲಿ. ಕ್ಲಬ್ಬಿನವರು ಎಷ್ಟು ಹೊಡೆತ ಅಂತ ಇಟ್ಟಿದಾರೋ ಅಷ್ಟರಲ್ಲಿ ಚೆಂಡು ಗುಳಿಗೆ ಬಿದ್ರೆ ಕೋಣೆ ಇವರ್ದು, ನಾನಿನ್ನು ಉಸಿರೆತ್ತಲ್ಲ. ಬೀಳ್ಲಿಲ್ಲ ಅಂದ್ರೆ ನನ್ನ ಕೋಣೆ ನಂಗೆ."

"ಮೊದಲ್ನೇ ಗುಳಿಗೆ ನಾಲ್ಕು ಹೊಡೆತ" ಎಂದರು ಬೀಗರು.

ಬೀಗರ ಮುಂದೆ ಹಿಂಜರಿಯುವುದುಂಟೆ? "ನಾಲ್ಕ್ಯಾಕೆ, ಮೂರೇ ಸಾಕು" ಎಂದುಬಿಟ್ಟ. "ಬೇಡ, ನಾಲ್ಕೇ ಇರ್ಲಿ" ಎಂದಳು ಹೆಂಡತಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ವಾರವೆಲ್ಲ ಅವನಿಗೆ ಊಟ ಸೇರಲಿಲ್ಲ. ಕೋಣೆ ಹೋದರೆ ತಾನು ಬರೀ ಕನ್ನಡಕ ಮಾರುವವನಾಗಿ ಉಳಿಯುತ್ತೇನೆಂಬ ಭಯ ಒಳಗೊಳಗೇ ಕೊರೆಯಿತು.

ಭಾನುವಾರ ಬಂತು. ಮಣ್ಣು ಕಾಣದ ಬಿಳಿ ಬೂಟು ಹಾಕಿಕೊಂಡು ಹೋದ. ಹೆಂಡತಿ ಕೊಡೆ ಹಿಡಿದು ಹಿಂದೆ. ಸುಳ್ಳು ಹೇಳಬಾರದು, ಮೊದಲ ಹೊಡೆತ ಸೊಗಸಾಗಿತ್ತು. ಚೆಂಡು ನೆಟ್ಟಗೆ ಹಾರಿ ದೂರ ಹೋಗಿ ಬಿತ್ತು. ಬೀಗರೇ "ಭೇಷ್!" ಎಂದರು. ಕನ್ನಡಕದಣ್ಣ ದಾಂಡು ಹೆಗಲಿಗಿಟ್ಟು ಗತ್ತಿನಿಂದ ನಿಂತ. ನಿಂತೇ ಇದ್ದ.

"ನಡೀರಿ ಬೀಗರೆ."

"ಎಲ್ಲಿಗೆ?"

"ಚೆಂಡು ಬಿದ್ದಲ್ಲಿಗೆ!"

ಅವನು ಚಿತ್ರ ಬದಲಾಗಲೆಂದು ಕಾಯುತ್ತಿದ್ದ. ಜಗತ್ತಿನ ಎಲ್ಲ ಮೈದಾನ ಆಡಿ ಮುಗಿಸಿದ ಮನುಷ್ಯ ಒಂದರಲ್ಲೂ ಒಂದು ಹೆಜ್ಜೆ ನಡೆದಿರಲಿಲ್ಲ. ಮನೆಯಲ್ಲಿ ಮೈದಾನವೇ ಕಾಲಬುಡಕ್ಕೆ ಬರುತ್ತಿತ್ತು. ಹೆಂಡತಿ ಕೊಡೆಯ ಮರೆಯಲ್ಲಿ ನಕ್ಕಳು.

ನಡೆದು ಮುಟ್ಟುವಷ್ಟರಲ್ಲಿ ಬೂಟು ಕಚ್ಚಿತು, ಉಸಿರು ಮೇಲಕ್ಕೆ ಬಂತು. ಚೆಂಡು ಬಿದ್ದ ಜಾಗ ಇಳಿಜಾರು. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟು ಹೊಡೆಯುವುದನ್ನು ಚಾಪೆ ಕಲಿಸಿರಲಿಲ್ಲ. ಎರಡನೇ ಹೊಡೆತಕ್ಕೆ ಚೆಂಡಿಗಿಂತ ಮಣ್ಣೇ ಹೆಚ್ಚು ಹಾರಿತು. ಮೂರನೆಯದು ಅಡ್ಡಾದಿಡ್ಡಿ ಹೋಗಿ, ಒಂದು ದಿಬ್ಬಕ್ಕೆ ಬಡಿದು, ಯಾವ ಪುಣ್ಯವೋ, ಉರುಳಿಕೊಂಡು ಗುಳಿಯ ಗುರುತಿಗೆ ನೆಟ್ಟ ಬಾವುಟದ ಹತ್ತಿರವೇ ಬಂದು ನಿಂತಿತು. ಗುಳಿಗೆ ಒಂದು ಮೊಳ ದೂರವೂ ಇರಲಿಲ್ಲ.

ಕನ್ನಡಕದಣ್ಣ ಎರಡೂ ಕೈ ಮೇಲೆತ್ತಿದ. ಆಮೇಲೆ ಬಗ್ಗಿ ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡ.

"ಅಯ್ಯೋ, ಯಾಕೆ ಎತ್ಕೊಂಡ್ರಿ?" ಎಂದರು ಬೀಗರು.

"ಮುಗೀತಲ್ಲ! ಇಷ್ಟು ಹತ್ತಿರ ಬಂದ್ರೆ ಬಿದ್ದ ಹಾಗೇ. ಪೆಟ್ಟಿಗೆ ತಾನೇ ಒಂದು ಹೊಡೆತ ಸೇರಿಸ್ಕೊಂಡು ಮುಂದಿನ ಗುಳಿಗೆ ಹೋಗುತ್ತೆ."

ಬೀಗರಿಗೆ ಸಂಬಂಧ ಕೆಡಿಸಿಕೊಳ್ಳುವ ಮನಸ್ಸಿಲ್ಲ. "ಹಾಗೆ ಬಿಟ್ಟುಕೊಡೋದು ನಮ್ಮಲ್ಲೂ ಉಂಟು. ಆದ್ರೆ ಬಿಟ್ಟುಕೊಡ್ಬೇಕಾದವರು ಎದುರಾಳಿ."

"ನೀವೇ ಅಲ್ವಾ?"

"ನಾನೆಲ್ಲಿ? ಪಂದ್ಯ ಕಟ್ಟಿದ್ದು ನಿಮ್ಮನೆಯವರು."

ಕನ್ನಡಕದಣ್ಣ ಗಿರಾಕಿಗಳಿಗೆ ನಗುವ ಹಾಗೆ ಹೆಂಡತಿಯ ಕಡೆ ನಕ್ಕ. "ಬಿಟ್ಟುಕೊಡ್ತೀಯಲ್ಲ?"

ಆಕೆ ಕೊಡೆ ಮಡಚಿದಳು. "ಮೂರು ವರ್ಷದಿಂದ ಅದನ್ನೇ ಮಾಡ್ಕೊಂಡು ಬಂದಿದೀನಿ. ಇವತ್ತು ಆಗಲ್ಲ. ಇಟ್ಟು ಹೊಡೀರಿ."

ಅವನು ಚೆಂಡನ್ನು ಇದ್ದಲ್ಲೇ ಇಟ್ಟ. ಇಷ್ಟು ಹತ್ತಿರದಿಂದ ಅವನು ಜನ್ಮದಲ್ಲಿ ಹೊಡೆದಿರಲಿಲ್ಲ. ಮೆಲ್ಲಗೆ ಮುಟ್ಟಿಸಿದ. ಚೆಂಡು ಗುಳಿಯ ಅಂಚು ಸವರಿ, ಮೊದಲಿದ್ದುದಕ್ಕಿಂತ ದೂರ ಉರುಳಿ ನಿಂತಿತು. ಪಂದ್ಯ ಹೋಯಿತು. ಹೋದ ಮೇಲೂ ಅವನು ಬಿಡಲಿಲ್ಲ. ಈ ಕಡೆಯಿಂದ ಒಮ್ಮೆ, ಆ ಕಡೆಯಿಂದ ಒಮ್ಮೆ ಹೊಡೆದ. ಕೊನೆಗೆ ಚೆಂಡು ಲೊಟಕ್ಕೆಂದು ಒಳಗೆ ಬಿತ್ತು. ಅವನು ಮಂಡಿಯೂರಿ ಗುಳಿಯೊಳಗೆ ಇಣುಕಿದ. ಸೋತದ್ದೇ ಮರೆತುಹೋಗುವಷ್ಟು ಸಂತೋಷವಾಯಿತು.

"ಲೇ, ಕೇಳಿಸ್ತಾ? ಬಿತ್ತು ಕಣೇ!"

"ಕೇಳಿಸ್ತು. ಸಂಜೆ ಒಳಗೆ ಕೋಣೆ ಖಾಲಿ ಮಾಡಿ."

ಸಂಜೆ ಇಬ್ಬರೂ ಫ್ರಿಜ್ಜಿನ ಪಕ್ಕ ನಿಂತರು. ಮಿಷನ್ನಿನ ಒಂದು ತುದಿ ಅವನು ಹಿಡಿದ, ಇನ್ನೊಂದು ಆಕೆ. ಎರಕದ ಕಬ್ಬಿಣದ ಕಾಲಿನ ಹಳೆಯ ಮಿಷನ್ನು. ನಡುಮನೆ ದಾಟುವಷ್ಟರಲ್ಲಿ ಅವನಿಗೆ ಸೊಂಟ ಹಿಡಿಯಿತು, ಕೆಳಗಿಟ್ಟ.

"ಅಬ್ಬಾ, ಏನು ಭಾರ! ಆವತ್ತು ಇದನ್ನ ಅಡುಗೆಮನೆಗೆ ಯಾರು ತಂದ್ರು?"

"ನಾನೇ."

"ಒಬ್ಬಳೇನಾ? ನನ್ನ ಕರೀಬಾರ್ದಿತ್ತಾ?"

"ಕರ್ದೆ. ಹೊಡೆಯೋವಾಗ ಮಾತಾಡಿಸ್ಬೇಡ ಅಂದ್ರಿ."

ಕನ್ನಡಕದಣ್ಣನಿಗೆ ಮೈದಾನದಲ್ಲಿ ಆಗದ ನಾಚಿಕೆ ಆಗ ಆಯಿತು. ಬಗ್ಗಿ ಮತ್ತೆ ತನ್ನ ತುದಿ ಎತ್ತಿದ.