ಹುಣಸೆ ಬೀಜದ ಸದ್ದು

ವರ್ಷದ ಹುಣಸೆಹಣ್ಣನ್ನು ನಾನು ಮೂರೇ ದಿನದಲ್ಲಿ ಮುಗಿಸುತ್ತೇನೆ. ಮೊದಲ ದಿನ ಬಿಸಿಲಿಗೆ, ಎರಡನೆಯ ದಿನ ನಾರಿಗೆ, ಮೂರನೆಯ ದಿನ ಬೀಜಕ್ಕೆ. ಈ ಕ್ರಮ ತಪ್ಪಿದರೆ ನನಗೆ ಊಟ ರುಚಿಸುವುದಿಲ್ಲ. ಮನೆಯವರು ನಗುತ್ತಾರೆ, ನಗಲಿ. ಮೊನ್ನೆ ಮೂರನೆಯ ದಿನ ಬೀಜ ಹಾಕುವ ಬುಟ್ಟಿ ಸಿಗದೆ ಸೊಸೆ ಖಾಲಿ ತಗಡಿನ ಡಬ್ಬಿಯೊಂದನ್ನು ತಂದಿಟ್ಟಳು. ಮೊದಲ ಬೀಜ ಬಿತ್ತು. ಟಣ್! ನನ್ನ ಕೈ ಅಲ್ಲೇ ನಿಂತಿತು. ಈ ವಯಸ್ಸಿನಲ್ಲಿ ಒಂದು ಹುಣಸೆ ಬೀಜಕ್ಕೆ ಎದೆ ಹೀಗೆ ಹೊಡೆದುಕೊಳ್ಳುತ್ತದೆಂದರೆ ನೀವೂ ನಕ್ಕೀರಿ. ನಗುವ ಮೊದಲು ಸ್ವಲ್ಪ ಕೇಳಿ.

ಬ್ರಿಟಿಷರೇ ಹೊರಡಿ ಎಂದು ಚಲೇಜಾವ್ ಗದ್ದಲ ಎದ್ದ ವರ್ಷ ಅದು. ನನಗೆ ಹನ್ನೊಂದು. ಚಿಕ್ಕೇರೂರಿನ ಸರಕಾರಿ ಶಾಲೆಗೆ ಅಪ್ಪನೇ ಹೆಡ್‌ಮಾಸ್ತರ. ಮನೆಯಲ್ಲಿ ಏಳುವುದಕ್ಕೆ, ಓದುವುದಕ್ಕೆ, ಉಗುರು ಕತ್ತರಿಸುವುದಕ್ಕೆ ಕೂಡ ವೇಳಾಪಟ್ಟಿ ಇತ್ತು. ಆ ಚಳಿಗಾಲ ಸುತ್ತಲಿನ ಐದು ಶಾಲೆಗಳ ಗ್ಯಾದರಿಂಗ್ ನಮ್ಮಲ್ಲಿ ಸೇರಿತು. ಪ್ರತಿ ಶಾಲೆಯೂ ತನ್ನದೊಂದು ಬಾವುಟ ಮಾಡಿ ತರಬೇಕು, ಯಾವುದು ಚೆಂದ, ಯಾವುದು ಕೆಟ್ಟದ್ದೆಂದು ಊರ ಜನರೇ ಹೇಳಬೇಕು ಎಂದು ಅಪ್ಪ ನಿಯಮ ಮಾಡಿದರು. ಒಬ್ಬೊಬ್ಬರಿಗೆ ಒಂದು ಹತ್ತಿಕಾಳು, ಒಂದು ಹುಣಸೆ ಬೀಜ. ಮೆಚ್ಚಿದ ಬಾವುಟದ ಕೆಳಗಿನ ಡಬ್ಬಿಗೆ ಹತ್ತಿಕಾಳು, ಮೆಚ್ಚದ್ದಕ್ಕೆ ಹುಣಸೆ ಬೀಜ. ಯಾರದು ಯಾವುದೆಂದು ತಿಳಿಯದಂತೆ ಮುಷ್ಟಿ ಮುಚ್ಚಿ ಹಾಕಬೇಕು. ಇಷ್ಟೆಲ್ಲ ಯೋಚಿಸಿದ ಅಪ್ಪ ಒಂದನ್ನು ಮರೆತಿದ್ದರು. ನಾರು ಅಂಟಿದ ಹತ್ತಿಕಾಳು ಡಬ್ಬಿಯೊಳಗೆ ಸದ್ದಿಲ್ಲದೆ ಬೀಳುತ್ತದೆ. ಹುಣಸೆ ಬೀಜ ಕೂಗುತ್ತದೆ.

ನಮ್ಮ ಶಾಲೆಯ ಬಾವುಟ ಹೊಲಿದವಳು ನನ್ನ ಅಕ್ಕ ಗಂಗಾ. ಮದುವೆ ಗೊತ್ತಾಗಿದ್ದ ಹುಡುಗಿ. ಯುದ್ಧದ ಕಾಲ, ಬಟ್ಟೆ ಸಿಗದು. ಅವ್ವನ ಹಸಿರು ಸೀರೆಯದೊಂದು ಪಟ್ಟಿ, ಅಪ್ಪನ ಧೋತರದಿಂದ ಎರಡು. ಅವುಗಳಲ್ಲಿ ಒಂದನ್ನು ಒಣ ಮುತ್ತುಗದ ಹೂ ಕುದಿಸಿದ ನೀರಿನಲ್ಲಿ ಅದ್ದಿದಳು.

“ಕೆಳಗ ಜ್ವಾಳ, ನಡುವ ಹತ್ತಿ, ಮ್ಯಾಲ ಕುಸುಬಿ ಹೂವು. ನಮ್ಮ ಹೊಲಾನ ಐತಿ ನೋಡು,” ಎಂದು ನಡುವೆ ಸಣ್ಣದೊಂದು ಬಿತ್ತುವ ಕೂರಿಗೆ ಕಸೂತಿ ಹಾಕಿದಳು.

ಅಪ್ಪ ಅದನ್ನು ನೋಡಿದ್ದು ಮಡಿಸಿದ ಮೇಲೆ. ಹೊಲಿಗೆ ನೇರವಿದೆಯೇ ಎಂದು ಅಂಚನ್ನಷ್ಟು ಪರೀಕ್ಷಿಸಿ ಪೆಟ್ಟಿಗೆಗೆ ಹಾಕಿದರು. ಶಿಸ್ತಿನವರು ತಪ್ಪುವುದು ಹೀಗೆಯೇ. ಅಂಚು ನೋಡುತ್ತೇವೆ, ಬಟ್ಟೆ ನೋಡುವುದಿಲ್ಲ.

ಗ್ಯಾದರಿಂಗ್ ದಿನ ಬೆಳಿಗ್ಗೆ ನಗು ಜೋರಾಗಿಯೇ ಇತ್ತು. ಒಂದು ಶಾಲೆಯವರು ಸಿಂಹ ಬರೆದು ತಂದಿದ್ದರು.

“ಇದು ಸಿಂಹೇನ್ರಿ, ಬೆಕ್ಕೇನ್ರಿ?”

“ಒಂದು ವಾಟಿ ಹಾಲು ಇಟ್ಟ ನೋಡ್ರಿ, ತಿಳೀತೈತಿ.”

ಆಮೇಲೆ ನಮ್ಮ ಬಾವುಟ ಬಿಚ್ಚಿಕೊಂಡಿತು. ಕೇಸರಿ, ಬಿಳಿ, ಹಸಿರು. ಕಾಂಗ್ರೆಸ್ ಬಾವುಟದ ಚರಕದ ಜಾಗದಲ್ಲಿ ಕೂರಿಗೆ, ಅಷ್ಟೇ ವ್ಯತ್ಯಾಸ. ನಗು ನಿಂತುಹೋಯಿತು. ಆ ಮೂರು ಬಣ್ಣ ಹಿಡಿದವರನ್ನು ಜೈಲಿಗೆ ಒಯ್ಯುತ್ತಿದ್ದ ದಿನಗಳು. ಹಾನಗಲ್ಲ ಕಡೆಯ ಮಾಸ್ತರರೊಬ್ಬರನ್ನು ಒಯ್ದು ತಿಂಗಳಾದರೂ ಬಿಟ್ಟಿರಲಿಲ್ಲ. ನಮ್ಮ ಮುಂದಿನ ಸಾಲಿನ ಕುರ್ಚಿಯಲ್ಲಿ ಹಿರೇಕೆರೂರಿನ ಪೊಲೀಸ್ ಫೌಜದಾರರೇ ಅತಿಥಿಯಾಗಿ ಕುಳಿತಿದ್ದರು.

ಅಪ್ಪ ಬಾವುಟ ಇಳಿಸಲು ಓಡಿದರು.

“ಇರಲಿ ಬಿಡ್ರಿ ಮಾಸ್ತರ,” ಎಂದರು ಫೌಜದಾರರು, ಎಲ್ಲರಿಗೂ ಕೇಳುವಂತೆ. “ಯಾರು ಹೊಲದಾರ?”

“ನನ್ನ ಮಗಳ್ರೀ. ಹೊಲದ ಚಿತ್ರರಿ ಅದು.”

“ಹೊಲದ್ದಾದ್ರ ಚಿಂತಿಲ್ಲ. ಮಂದಿ ಏನಂತಾರ ನೋಡೂಣು. ಊರಿಗೂರ ಮೆಚ್ಚಿದ್ರ, ಇದು ಎದರ ಚಿತ್ರ ಅಂತ ನಿಮ್ಮ ಮಗಳನ್ನ ಠಾಣೆಕ್ಕ ಕರಕೊಂಡು ಹೋಗಿ ಕೇಳೂಣಂತ.”

ಕಾಳು ಹಂಚುವ ಕೆಲಸ ನನ್ನದು. ಹಂಚುವಾಗ ಅರ್ಧ ಚೆಲ್ಲಿದೆ. ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಅವಳ ಕಡೆ ನೋಡುವ ಧೈರ್ಯವಾಗಲಿಲ್ಲ. ಎಲ್ಲರಿಗಿಂತ ಮೊದಲು ನಾನೇ ಹೋಗಿ ನನ್ನ ಹುಣಸೆ ಬೀಜವನ್ನು ಅವಳ ಡಬ್ಬಿಗೆ ಹಾಕಿದೆ. ಟಣ್!

ನನ್ನ ಹಿಂದೆ ಹತ್ತಿ ಬಿಡಿಸಲು ಹೋಗುವ ಮುದುಕಿ ನಿಂಗವ್ವ ಬಂದಳು. ಕಾಳು ಇಸಿದುಕೊಳ್ಳುತ್ತ ನನ್ನ ಕಿವಿಯ ಬಳಿ ಬಗ್ಗಿದಳು.

“ಭಾಳ ಚಂದ ಐತವಾ ನಿಮ್ಮಕ್ಕನ ನಿಶಾನಿ. ಕಣ್ಣು ತುಂಬಿ ಬರ್ತಾವು.”

ನನಗೆ ಜೀವವೇ ಹೋದಂತಾಯಿತು. ಮುದುಕಿ ನೆಟ್ಟಗೆ ನಮ್ಮ ಬಾವುಟದ ಬಳಿ ಹೋದಳು. ಡಬ್ಬಿಯ ಮೇಲೆ ಮುಷ್ಟಿ ಹಿಡಿದಳು. ಟಣ್!

ಅವಳ ಹಿಂದೆ ಬಡಿಗೇರ. ಟಣ್! ಅಂಗಡಿಯವರು, ಕುರುಬರು, ಬೇರೆ ಊರಿನಿಂದ ಬಂದ ಬೀಗರು. ಟಣ್, ಟಣ್! ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಹತ್ತಿಕಾಳೆಲ್ಲ ಬೆಕ್ಕಿನಂಥ ಆ ಸಿಂಹಕ್ಕೆ ಬಿತ್ತು. ಫೌಜದಾರರು ತಲೆ ಓರೆ ಮಾಡಿ ಕೇಳುತ್ತಿದ್ದರು, ನಾನೂ ಕೇಳುತ್ತಿದ್ದೆ. ಎರಡು ಸದ್ದಿನ ನಡುವೆ ಸ್ವಲ್ಪ ತಡವಾದರೂ ಡಬ್ಬಿಯ ಕಡೆ ತಿರುಗಿ ನೋಡುತ್ತಿದ್ದೆ.

ಕೊನೆಗೆ ಅಪ್ಪ ಹೋದರು. ಅಕ್ಕನ ಡಬ್ಬಿಯ ಮೇಲೆ ಮುಷ್ಟಿ ಬಿಚ್ಚಿದರು. ಸದ್ದಾಗಲಿಲ್ಲ.

ಫೌಜದಾರರು ಎದ್ದು ಬಂದು ಡಬ್ಬಿಯನ್ನು ತಾವೇ ಮೇಜಿನ ಮೇಲೆ ಬೋರಲು ಹಾಕಿದರು. ಕಂದು ಬೀಜಗಳ ರಾಶಿ, ಅದರ ನಡುವೆ ಒಂದೇ ಹತ್ತಿಕಾಳು.

“ನಿಮ್ದೇನ್ರಿ ಇದು?”

“ಹೌದ್ರಿ ಸಾಹೇಬ್ರ.”

“ಸರಕಾರದ ಪಗಾರ ಉಣ್ಣಾವ್ರು ನೀವು.”

“ಹೌದ್ರಿ. ಕೈಕೆಲಸಕ್ಕ ಮಾರ್ಕು ಕೊಡೂದು ನನ್ನ ಕೆಲಸರಿ. ಹೊಲಿಗಿ ನೆಟ್ಟಗೈತ್ರಿ.” ಅಪ್ಪ ಬಾವುಟದ ಅಂಚಿನ ಕಡೆ ಕೈ ಮಾಡಿದರು.

ಫೌಜದಾರರು ಆ ಕಾಳನ್ನು ಬೆರಳಿನಿಂದ ಚಿಮ್ಮಿದರು. “ಊರಿಗೂರ ಉಗುಳಿದ ನಿಶಾನಿಗೆ ಕೇಸು ಹಾಕಿದ್ರ ಮಂದಿ ನನಗ ನಗ್ತಾರ. ಇಳಸ್ರಿ ಅದನ್ನ.”

ಅತಿ ಕೆಟ್ಟ ಬಾವುಟ ಚಿಕ್ಕೇರೂರು ಶಾಲೆಯದೆಂದು ಅಪ್ಪನೇ ಓದಿ ಹೇಳಿದರು. ಯಾರೂ ನಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ.

ಆ ಸಂಜೆ ಅವ್ವ ಬಾವುಟವನ್ನು ಒಲೆಗೆ ಹಾಕಿದಳು. ಅಕ್ಕ ಅದನ್ನು ನೋಡುತ್ತ ಕೇಳಿದಳು: “ನೀ ಏನ ಹಾಕಿದಿ?”

“ಹುಣಸಿ.”

“ಛಲೋ ಮಾಡಿದಿ. ನಾನೂ ಅದನ್ನ ಹಾಕಿದ್ನಿ.”

ಊರವರು ಹುಣಸೆ ಬೀಜ ಹಾಕಿದ್ದು ಅಕ್ಕನನ್ನು ಉಳಿಸಲು. ನಾನು ಹಾಕಿದ್ದು, ಆ ಬಾವುಟ ಹೊಲಿದವಳ ತಂಗಿ ನಾನೆಂದು ಫೌಜದಾರರಿಗೆ ಹೊಳೆಯದಿರಲಿ, ನನ್ನ ಕಡೆ ನೋಡದಿರಲಿ ಎಂದು. ಡಬ್ಬಿಯಲ್ಲಿ ಎಲ್ಲ ಬೀಜಗಳ ಸದ್ದೂ ಒಂದೇ ಆಗಿತ್ತು. ನನ್ನದು ಬೇರೆಯೆಂದು ಅಕ್ಕನಿಗೆ ನಾನು ಕಡೆಯವರೆಗೂ ಹೇಳಲಿಲ್ಲ. ಇವತ್ತು ನಿಮಗೆ ಹೇಳಿದೆ.

“ಬುಟ್ಟಿ ಸಿಕ್ತರಿ ಅತ್ತಿ, ತರ್ಲೇನು?” ಮೊನ್ನೆ ಆ ಡಬ್ಬಿಯ ಮುಂದೆ ಕೂತಿದ್ದಾಗ ಒಳಗಿನಿಂದ ಸೊಸೆ ಕೂಗಿದಳು.

“ಬ್ಯಾಡ, ಇದರಾಗ ಹಾಕ್ತೇನಿ,” ಎಂದೆ.

ಬೀಜಗಳನ್ನು ಒಂದೊಂದಾಗಿ ಹಾಕಿದೆ, ಪ್ರತಿಯೊಂದೂ ಕೇಳಿಸುವಂತೆ. ನಿಂಗವ್ವನದು, ಬಡಿಗೇರನದು, ಅಕ್ಕನದು. ಕೆಲಸ ಮುಗಿಯುವಾಗ ಊಟದ ಹೊತ್ತು ಮೀರಿಹೋಗಿತ್ತು. ಆದರೂ ಅಂದು ಊಟ ರುಚಿಸಿತು.